ದೇವಿಮನೆ ಘಟ್ಟದಲ್ಲಿ ಕುದಿಯುವ ಎಂಜಿನ್: ಹಳೆಯ ಗಾಡಿಯ ಬಿಸಿಗೆ ಕಾರಣ ಹುಡುಕುವ ಕ್ರಮ

ಕುಮಟಾದಿಂದ ಶಿರಸಿಗೆ ಬರುವ ಸುಮಾರು 60 ಕಿಲೋಮೀಟರ್ ದಾರಿಯಲ್ಲಿ, ಕತಗಾಲದವರೆಗೆ ಹಳೆಯ ಗಾಡಿಗಳು ತಮ್ಮ ಕಾಯಿಲೆಯನ್ನು ಹೇಳಿಕೊಳ್ಳುವುದು ಕಡಿಮೆ. ಅಲ್ಲಿಂದ ಮುಂದೆ ದೇವಿಮನೆ ಘಟ್ಟದ ತಿರುವುಗಳು ಶುರುವಾಗಿ, ಮುಂದೊಂದು ಲೋಡು ತುಂಬಿದ ಲಾರಿ ಸಿಕ್ಕಿ, ಎರಡನೆಯ ಗೇರಿನಲ್ಲಿ ಅದರ ಹಿಂದೆಯೇ ತೆವಳಬೇಕಾಗಿ ಬಂದಾಗ ಟೆಂಪರೇಚರ್ ಮೀಟರಿನ ಮುಳ್ಳು ಮೆಲ್ಲಗೆ ಮೇಲೇಳತೊಡಗುತ್ತದೆ. ಅಂಕೋಲಾ ಕಡೆಯವರಿಗೆ ಅರಬೈಲ್ ಘಟ್ಟದಲ್ಲಿ, ಕಾರವಾರದವರಿಗೆ ಅಣಶಿಯಲ್ಲಿ, ಹೊನ್ನಾವರದವರಿಗೆ ಗೇರುಸೊಪ್ಪೆಯ ಏರಿನಲ್ಲಿ ಆಗುವುದೂ ಇದೇ. ಮಾರುತಿ 800 ಮತ್ತು ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಆದರೂ ನಮ್ಮ ತೋಟದ ದಾರಿಗಳಲ್ಲಿ ಇವುಗಳ ಜೊತೆಗೆ ಹಳೆಯ ಡೀಸೆಲ್ ಜೀಪುಗಳು, ಸುಮೋಗಳು ಇನ್ನೂ ದುಡಿಯುತ್ತಿವೆ. ಅಂಥ ಗಾಡಿ ಇಟ್ಟುಕೊಂಡವರಿಗಾಗಿ ಈ ಬರಹ.

ನನ್ನ ಹಳೆಯ ಜೀಪು ಘಟ್ಟದಲ್ಲಿ ಬಿಸಿಯಾಗುತ್ತಿದ್ದಾಗ ಒಂದೇ ವರ್ಷದಲ್ಲಿ ಫ್ಯಾನ್ ಬೆಲ್ಟ್, ವಾಟರ್ ಪಂಪ್ ಮತ್ತು ಎರಡು ಹೋಸ್ ಪೈಪುಗಳನ್ನು ಬದಲಿಸಿದೆ. ಕೊನೆಗೊಬ್ಬ ಮೆಕ್ಯಾನಿಕ್, “ಹೆಗಡೇರೇ, ನಮ್ಮ ಬದಿ ಬಿಸಿಲಿಗೆ ಈ ವಾಲ್ವ್ ಎಂತಕ್ಕೆ? ತೆಗ್ದು ಹಾಕಿದ್ರೆ ಗಾಡಿ ತಣ್ಣಗಿರ್ತದೆ” ಎಂದು, ನೀರು ಕಾಯುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನು ಕಿತ್ತು ಬೆಂಚಿನ ಮೇಲಿಟ್ಟ. ಊರೊಳಗೆ ಜೀಪು ನಿಜಕ್ಕೂ ತಣ್ಣಗಾಯಿತು. ಘಟ್ಟದಲ್ಲಿ ಮೊದಲಿಗಿಂತ ಬೇಗ ಕುದಿಯಿತು. ನಾನು ಮಾಡಿದ ತಪ್ಪು ಇಷ್ಟೇ: ಏನು ಬದಲಿಸಬೇಕೆಂದು ಕೇಳುತ್ತ ಹೋದೆನೇ ಹೊರತು, ಯಾವಾಗ ಬಿಸಿಯಾಗುತ್ತಿದೆ ಎಂದು ಗಮನಿಸಲಿಲ್ಲ. ನಿಂತಾಗಲೋ, ಏರಿನಲ್ಲೋ, ಹೊರಟ ಐದೇ ನಿಮಿಷಕ್ಕೋ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಆದ್ದರಿಂದ ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮೊದಲು ಒಂದು ವಾರ ಆ ಮುಳ್ಳಿನ ಮೇಲೆ ಕಣ್ಣಿಡಿ.

ದಾರಿಯ ನಡುವೆ ಮುಳ್ಳು ಏರಿದಾಗ

ಏಸಿ ಇದ್ದರೆ ಮೊದಲು ಅದನ್ನು ಆರಿಸಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಅದರ ಫ್ಯಾನನ್ನೂ ಜೋರು ಮಾಡಿ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಇದು ಹಿಂಸೆಯೇ ಸರಿ, ಆದರೆ ಹೀಟರ್ ಎಂಬುದು ಇನ್ನೊಂದು ಚಿಕ್ಕ ರೇಡಿಯೇಟರ್ ಆದ್ದರಿಂದ ಮುಳ್ಳು ಒಂದಿಷ್ಟು ಇಳಿಯುತ್ತದೆ. ಬೆಲ್ಟಿನಿಂದ ತಿರುಗುವ ಫ್ಯಾನ್ ಇರುವ ಗಾಡಿಯಲ್ಲಿ ಒಂದು ಗೇರ್ ಕೆಳಗಿಳಿಸುವುದು ಒಳ್ಳೆಯದು. ಮೇಲಿನ ಗೇರಿನಲ್ಲಿ ಉಬ್ಬಸಪಟ್ಟು ಎಳೆಯುವ ಎಂಜಿನ್ನಿಗೆ ಭಾರ ಹೆಚ್ಚು. ಫ್ಯಾನ್ ಮತ್ತು ಪಂಪಿನ ವೇಗವೋ ಕಡಿಮೆ.

ಇಷ್ಟಾದರೂ ಮುಳ್ಳು ಇಳಿಯದಿದ್ದರೆ ತಿರುವಿನಲ್ಲಿ ನಿಲ್ಲದೆ ಅಗಲವಾದ ಜಾಗ ನೋಡಿ ಬದಿಗೆ ಹಾಕಿ. ನಿಂತ ಮೇಲೆ ಎಂಜಿನ್ ಆರಿಸಬೇಕೇ ಬೇಡವೇ ಎಂಬುದು ಗಾಡಿಯ ಸ್ಥಿತಿಯನ್ನು ನೋಡಿ ತೀರ್ಮಾನಿಸುವ ವಿಷಯ. ಹಬೆ ಬರುತ್ತಿದ್ದರೆ, ನೀರು ಸೋರುತ್ತಿದ್ದರೆ, ಬೆಲ್ಟ್ ತುಂಡಾಗಿದ್ದರೆ ಆ ಕ್ಷಣವೇ ಆರಿಸಿ. ಇವು ಯಾವುವೂ ಇಲ್ಲದೆ ಕೇವಲ ಏರಿನ ದಣಿವಾಗಿದ್ದರೆ ಎರಡು ಮೂರು ನಿಮಿಷ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಓಡಲು ಬಿಡಿ. ಫ್ಯಾನೂ ಪಂಪೂ ನಡೆಯುತ್ತಿದ್ದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲಿರುವ ಬಿಸಿ ಹೊರಗೆ ಹೋಗುತ್ತದೆ. ಥಟ್ಟನೆ ಆರಿಸಿದರೆ ಅದೇ ಬಿಸಿ ನಿಂತ ನೀರನ್ನು ಕುದಿಸುತ್ತದೆ.

ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಕೈ ಹಾಕಬೇಡಿ. 0.9 ಎಂದು ಅಚ್ಚಾದ ಮುಚ್ಚಳದ ಒತ್ತಡದಲ್ಲಿ ನೀರು 118 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತಿರುಗಿಸಿ ಆ ಒತ್ತಡ ತೆಗೆದೊಡನೆ ಅಷ್ಟೂ ನೀರು ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸನ್ನು ಹಿಂಡಿ ನೋಡಿ, ಅದು ಮೆತ್ತಗಾದ ಮೇಲೆ ದಪ್ಪ ಬಟ್ಟೆ ಮಡಚಿ ಹಿಡಿದು, ಮುಚ್ಚಳವನ್ನು ಮೊದಲ ಕಚ್ಚಿನವರೆಗೆ ಮಾತ್ರ ತಿರುಗಿಸಿ, ಉಸಿರು ಪೂರ್ತಿ ಹೋದ ಬಳಿಕ ತೆಗೆಯಿರಿ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಾದ ಹೆಡ್ಡಿನ ಮೇಲೆ ಹಳ್ಳದ ತಣ್ಣೀರು ಸುರಿದು ಬಿರುಕು ಬಿಡಿಸಿಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಮುಳ್ಳು ನಿಜ ಹೇಳುತ್ತಿದೆಯೇ

ಹಳೆಯ ಗಾಡಿಗಳಲ್ಲಿ ಮೀಟರೇ ಸುಳ್ಳು ಹೇಳುವುದುಂಟು. ಡೀಸೆಲ್ ಮುಳ್ಳು ಮತ್ತು ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಮೇಲೇರಿದರೆ ಎಂಜಿನ್ನನ್ನು ಬಿಟ್ಟು ಮೀಟರ್ ಬೋರ್ಡಿನ ಅರ್ಥಿಂಗ್ ಮತ್ತು ಅದರ ಹಿಂದಿರುವ ವೋಲ್ಟೇಜ್ ಸ್ಟೆಬಿಲೈಸರನ್ನು ನೋಡಿ. ಇದಕ್ಕೆ ತದ್ವಿರುದ್ಧವಾದ ಮೋಸ ಹೆಚ್ಚು ಅಪಾಯಕಾರಿ. ನೀರು ಪೂರ್ತಿ ಖಾಲಿಯಾದಾಗ ಸೆನ್ಸರ್ ನೀರಿನಲ್ಲಿ ಮುಳುಗಿರದೆ ಗಾಳಿಯಲ್ಲಿ ನಿಲ್ಲುವುದರಿಂದ, ಮೇಲಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯುತ್ತದೆ. ತಣ್ಣಗಾಯಿತೆಂದು ನಂಬಿ ಹತ್ತು ಕಿಲೋಮೀಟರ್ ಓಡಿಸಿದರೆ ಎಂಜಿನ್ ಕೈಬಿಟ್ಟಂತೆಯೇ. ಕಾರಣವಿಲ್ಲದೆ ಇಳಿದ ಮುಳ್ಳನ್ನು ಏರಿದ ಮುಳ್ಳಿಗಿಂತ ಹೆಚ್ಚು ಅನುಮಾನಿಸಬೇಕು.

ನಿಂತಾಗ ಬಿಸಿ, ಓಡುವಾಗ ತಂಪು

ಶಿರಸಿಯ ಪೇಟೆಯಲ್ಲಿ ಅಡಿಕೆ ಚೀಲ ಇಳಿಸುವವರೆಗೆ ಗಾಡಿ ಚಾಲೂ ಇಟ್ಟಾಗ ಮುಳ್ಳು ಏರಿ, ಬನವಾಸಿ ರಸ್ತೆಯಲ್ಲಿ ಓಡತೊಡಗಿದೊಡನೆ ಇಳಿದರೆ ತಪ್ಪು ಫ್ಯಾನಿನದು. ಓಡುವಾಗ ಎದುರು ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ, ನಿಂತಾಗ ಆ ಆಸರೆ ಇರುವುದಿಲ್ಲ.

ಕರೆಂಟಿನ ಫ್ಯಾನ್ ಆದರೆ ಕ್ರಮವಾಗಿ ಫ್ಯೂಸ್, ರಿಲೇ, ರೇಡಿಯೇಟರ್ ಬಳಿಯ ಫ್ಯಾನ್ ಸ್ವಿಚ್, ಕೊನೆಗೆ ಮೋಟಾರ್ ನೋಡಿ. ಇಗ್ನಿಷನ್ ಆನ್ ಮಾಡಿ, ಸ್ವಿಚ್ಚಿನ ಕನೆಕ್ಟರ್ ಕಳಚಿ ಅದರ ಎರಡು ತುದಿಗಳನ್ನು ಚಿಕ್ಕ ವಯರಿನಿಂದ ಜೋಡಿಸಿ. ಒಂದೇ ವಯರಿದ್ದರೆ ಅದನ್ನು ಬಾಡಿಗೆ ಅರ್ಥ್ ಮಾಡಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ, ತಿರುಗದಿದ್ದರೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟು ಮೋಟಾರ್ ಪರೀಕ್ಷಿಸಿ. ಕರಾವಳಿಯ ಗಾಡಿಗಳಲ್ಲಿ ಎಷ್ಟೋ ಸಲ ಇವೆಲ್ಲ ಸರಿಯಿದ್ದು, ಕನೆಕ್ಟರಿನೊಳಗೆ ಹಸಿರು ಕಿಲುಬು ಕೂತಿರುತ್ತದೆ. ಉಪ್ಪುಕಾಗದದಿಂದ ಉಜ್ಜಿದರೆ ಖರ್ಚಿಲ್ಲದೆ ರಿಪೇರಿ ಮುಗಿಯುತ್ತದೆ.

ಬೆಲ್ಟ್ ಫ್ಯಾನ್ ಆದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಮಾರು 10ರಿಂದ 12 ಮಿಲಿಮೀಟರ್ ತಗ್ಗಿದರೆ ಸರಿ. ಬೆಲ್ಟಿನ ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ. ಫ್ಯಾನಿಗೂ ಪುಲ್ಲಿಗೂ ನಡುವೆ ವಿಸ್ಕಸ್ ಕಪ್ಲಿಂಗ್, ಅಂದರೆ ದಪ್ಪ ಎಣ್ಣೆಯ ಮೂಲಕ ಫ್ಯಾನನ್ನು ತಿರುಗಿಸುವ ಜೋಡಣೆ, ಇದ್ದರೆ, ಎಂಜಿನ್ ಆರಿಸಿ ಫ್ಯಾನನ್ನು ಕೈಯಿಂದ ತಿರುಗಿಸಿ. ತುಸು ಬಿಗಿ ಇರಬೇಕು. ತಡೆಯೇ ಇಲ್ಲದೆ ಗಿರಗಿರನೆ ಸುತ್ತಿದರೆ, ಅಥವಾ ಹಬ್ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಕಪ್ಲಿಂಗ್ ಬದಲಿಸಬೇಕು.

ಏರಿನಲ್ಲಿ ಮಾತ್ರ ಬಿಸಿ

ನಮ್ಮ ಜಿಲ್ಲೆಯ ನಿಜವಾದ ಸಮಸ್ಯೆ ಇದು. ಊರೊಳಗೆ, ಸಮತಟ್ಟಿನಲ್ಲಿ ತೊಂದರೆಯಿಲ್ಲದ ಗಾಡಿ ಘಟ್ಟದಲ್ಲಿ ಮಾತ್ರ ಕುದಿದರೆ, ಎಂಜಿನ್ ಹುಟ್ಟಿಸುವಷ್ಟು ಬಿಸಿಯನ್ನು ಹೊರಹಾಕುವ ಶಕ್ತಿ ರೇಡಿಯೇಟರಿಗೆ ಉಳಿದಿಲ್ಲ ಎಂದು ತಿಳಿಯಬೇಕು. ಮಧ್ಯಾಹ್ನದ ಹೊತ್ತು ಘಟ್ಟ ಹತ್ತುವವರಿಗೆ ಇನ್ನೊಂದು ಪ್ರತಿಕೂಲವೂ ಉಂಟು: ಆಗ ಕಡಲ ಗಾಳಿ ಪಶ್ಚಿಮದಿಂದ ಬೀಸುತ್ತದೆ, ನಾವು ಪೂರ್ವಕ್ಕೆ ಹತ್ತುತ್ತೇವೆ. ಬೆನ್ನಿಗೆ ಬೀಸುವ ಗಾಳಿಯಿಂದ ರೇಡಿಯೇಟರಿಗೆ ಸಿಗುವ ಗಾಳಿ ಅಷ್ಟು ಕಡಿಮೆಯಾಗುತ್ತದೆ. ರೇಡಿಯೇಟರ್ ದುರ್ಬಲವಾಗಿರುವ ಗಾಡಿಯನ್ನು ಬೆಳಗಿನ ಹೊತ್ತು ಹತ್ತಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಮೊದಲು ರೇಡಿಯೇಟರಿನ ಹೊರಮೈಯನ್ನು ನೋಡಿ. ಎದುರಿನಿಂದ ಶುಚಿಯಾಗಿ ಕಂಡರೂ ಏಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಕೆಂಪು ಮಣ್ಣು, ಎಲೆಚೂರು, ಸತ್ತ ಹುಳುಗಳು ಕಂಬಳಿಯಂತೆ ಹಾಸಿಕೊಂಡಿರುತ್ತವೆ. ಎಂಜಿನ್ ತಣ್ಣಗಿರುವಾಗ, ಎಂಜಿನ್ ಕಡೆಯಿಂದ ಹೊರಮುಖವಾಗಿ ಸಾಧಾರಣ ಪೈಪಿನ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳು, ಅಂದರೆ ನಳಿಗೆಗಳ ನಡುವಿನ ತೆಳು ತಗಡುಗಳು, ಮಡಚಿಕೊಂಡು ದಾರಿಯೇ ಮುಚ್ಚುತ್ತದೆ.

ತೊಳೆದ ಮೇಲೆ ಆ ರೆಕ್ಕೆಗಳನ್ನು ಬೆರಳಿನಿಂದ ಮೆಲ್ಲಗೆ ಸವರಿ. ನನ್ನ ಜೀಪಿನ ಗುಟ್ಟು ಬಯಲಾದದ್ದು ಇಲ್ಲಿ. ಅದನ್ನು ನಾನು ಕೊಂಡದ್ದು ಹೊನ್ನಾವರದ ಕಡಲಂಚಿನ ಒಂದು ಮನೆಯಿಂದ. ಹಲವು ವರ್ಷ ಅದು ಉಪ್ಪುಗಾಳಿಗೆ ಮೈಯೊಡ್ಡಿ ತೆಂಗಿನ ಮರದಡಿ ನಿಂತಿತ್ತು. ಹೆಬ್ಬೆರಳಿನಿಂದ ಒತ್ತಿದಲ್ಲೆಲ್ಲ ರೆಕ್ಕೆಗಳು ಹಪ್ಪಳದಂತೆ ಮುರಿದು, ಹಸಿರು ಬೆರೆತ ಪುಡಿಯಾಗಿ ಅಂಗೈಗೆ ಉದುರಿದವು. ನಳಿಗೆಗಳು ಗಟ್ಟಿಯಾಗಿದ್ದವು, ಒಂದು ತೊಟ್ಟು ಸೋರಿಕೆಯೂ ಇರಲಿಲ್ಲ. ಆದರೆ ನಳಿಗೆಯ ಬಿಸಿಯನ್ನು ಗಾಳಿಗೆ ದಾಟಿಸುವುದು ಈ ರೆಕ್ಕೆಗಳು. ಅವು ನಳಿಗೆಯಿಂದ ಬಿಟ್ಟುಕೊಂಡ ಮೇಲೆ ರೇಡಿಯೇಟರ್ ನೀರು ತುಂಬಿದ ಬರೀ ಪೆಟ್ಟಿಗೆ. ಸೋರದ ರೇಡಿಯೇಟರನ್ನು ಯಾರೂ ಅನುಮಾನಿಸುವುದಿಲ್ಲವಾದ್ದರಿಂದ ಕಡಲತೀರದ ಗಾಡಿಗಳಲ್ಲಿ ಈ ದೋಷ ವರ್ಷಗಟ್ಟಲೆ ಅಡಗಿರುತ್ತದೆ. ಕಾರವಾರ, ಕುಮಟಾ, ಭಟ್ಕಳದ ಕಡೆಯಿಂದ ಹಳೆಯ ಗಾಡಿ ಕೊಳ್ಳುವವರು ಚಾಸಿಯ ತುಕ್ಕು ನೋಡುವ ಹೊತ್ತಿನಲ್ಲೇ ಇದನ್ನೂ ಮುಟ್ಟಿ ನೋಡಬೇಕು.

ಹೊರಮೈ ಸರಿಯಿದ್ದರೆ ಒಳಮೈ. ಎಂಜಿನ್ ಕಾದ ಮೇಲೆ ಆರಿಸಿ, ಫ್ಯಾನಿನಿಂದ ಕೈ ದೂರವಿಟ್ಟು, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮೈಯಿಡೀ ಅಳೆಯಿರಿ. ನೀರು ಒಳಬರುವ ತುದಿಯಿಂದ ಹೊರಹೋಗುವ ತುದಿಗೆ ಬಿಸಿ ಒಂದೇ ಸಮ ಇಳಿಯುತ್ತ ಬರಬೇಕು. ನಡುವೆ ಎಲ್ಲಾದರೂ ಒಂದು ಭಾಗ ತಣ್ಣಗಿದ್ದರೆ ಅಲ್ಲಿನ ನಳಿಗೆಗಳು ಕಟ್ಟಿವೆ. ತಾಮ್ರ ಹಿತ್ತಾಳೆಯ ಹಳೆಯ ರೇಡಿಯೇಟರ್ ಆದರೆ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ನಳಿಗೆಗಳಿಗೆ ಸಳಿ ಹಾಕಿ ಶುಚಿ ಮಾಡಬಹುದು. ರೆಕ್ಕೆಗಳು ಹೋಗಿದ್ದರೆ ಹೊಸ ಕೋರ್ ಕೂರಿಸಬೇಕು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯುಮಿನಿಯಂ ರೇಡಿಯೇಟರಿಗೆ ಈ ಶುಶ್ರೂಷೆಯೆಲ್ಲ ಒಗ್ಗುವುದಿಲ್ಲ, ಹೊಸದನ್ನೇ ಹಾಕಿಸುವುದು ಲೇಸು.

ಇನ್ನೊಂದು ಸಣ್ಣ ಪರೀಕ್ಷೆ ಇದೆ. ಒಬ್ಬರು ಎಂಜಿನ್ನನ್ನು 2500ರಿಂದ 3000 ಆರ್‌ಪಿಎಂವರೆಗೆ ಏರಿಸುವಾಗ ನೀವು ಕೆಳಗಿನ ಹೋಸನ್ನು ನೋಡುತ್ತಿರಿ. ಪಂಪ್ ನೀರನ್ನು ಎಳೆಯುವುದು ಈ ಹೋಸಿನಿಂದ. ಮೆತ್ತಗಾದ ಹಳೆಯ ಹೋಸ್ ಆ ಎಳೆತಕ್ಕೆ ಒಳಗೆ ಚಪ್ಪಟೆಯಾಗಿ, ನೀರು ಹೆಚ್ಚು ಬೇಕಾದ ಹೊತ್ತಿಗೇ ದಾರಿ ಮುಚ್ಚುತ್ತದೆ. ಬ್ರೇಕ್ ಹಿಡಿದುಕೊಂಡಿರುವುದು, ಕ್ಲಚ್ ಜಾರುವುದು, ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹಾರುವ ಟೈಮಿಂಗ್ ತಡವಾಗಿರುವುದು ಕೂಡ ಏರಿನಲ್ಲಿ ಬಿಸಿ ಹೆಚ್ಚಿಸುತ್ತವೆ. ಘಟ್ಟ ಹತ್ತಿ ನಿಂತಾಗ ಒಂದು ಚಕ್ರದ ಡ್ರಮ್ ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಿದ್ದರೆ ಅದೂ ಒಂದು ಉತ್ತರ.

ಹೊರಟ ಐದೇ ನಿಮಿಷಕ್ಕೆ ಬಿಸಿ

ತಣ್ಣನೆಯ ಎಂಜಿನ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಮೇಲೇರಿ, ಅದೇ ಹೊತ್ತಿಗೆ ರೇಡಿಯೇಟರಿಗೆ ಬರುವ ಹೋಸ್ ಇನ್ನೂ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿದಂತೆಯೇ ಕಚ್ಚಿಕೊಂಡಿರಬಹುದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಳಕೆ ಬಿಟ್ಟ ಪಾತ್ರೆಯಲ್ಲಿ ನೀರಿಟ್ಟು ಒಲೆಯ ಮೇಲಿಡಿ. ಥರ್ಮೋಸ್ಟಾಟಿನ ಬಾಯಿಗೆ ದಾರವೊಂದನ್ನು ಸಿಕ್ಕಿಸಿ, ಅದರ ಬಿಗಿಯಲ್ಲೇ ನೇತಾಡುವಂತೆ ನೀರಿನಲ್ಲಿ ಇಳಿಬಿಡಿ. ಪಾತ್ರೆಯ ತಳ ತಾಗಬಾರದು. ಜೊತೆಗೊಂದು ಅಡುಗೆಯ ಥರ್ಮಾಮೀಟರ್ ಇರಲಿ. ಮೊದಮೊದಲು ಏನೂ ಆಗುವುದಿಲ್ಲ. ಅದರ ಮೇಲೆ ಅಚ್ಚಾಗಿರುವ 82 ಅಥವಾ 88 ಡಿಗ್ರಿಯ ಹತ್ತಿರಕ್ಕೆ ನೀರು ಬಂದಾಗ ಒಳಗಿನ ಮೇಣ ಕರಗಿ ಹಿಗ್ಗಿ, ಬಾಯಿ ಸಂದು ಬಿಟ್ಟು, ದಾರದಿಂದ ಜಾರಿ ಅದು ಟಣ್ಣೆಂದು ತಳಕ್ಕೆ ಬೀಳುತ್ತದೆ. ಮುಂದಿನ ಹತ್ತು ಹನ್ನೆರಡು ಡಿಗ್ರಿಗಳಲ್ಲಿ ಅದು ಪೂರ್ತಿ ತೆರೆದುಕೊಳ್ಳಬೇಕು. ನೀರು ಮಳ್ಳಿದರೂ ದಾರ ಬಿಡದಿದ್ದರೆ ಹೊಸದು ತನ್ನಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತದಾದ್ದರಿಂದ ಥರ್ಮಾಮೀಟರ್ 100 ತಲುಪಲಿಲ್ಲವೆಂದು ಅದನ್ನು ದೂರಬೇಡಿ.

ಥರ್ಮೋಸ್ಟಾಟನ್ನು ಕಿತ್ತೊಗೆಯುವ ಸಲಹೆ ಹಲವು ಗ್ಯಾರೇಜುಗಳಲ್ಲಿ ಸಿಗುತ್ತದೆ. ಅದನ್ನು ಒಪ್ಪಬೇಡಿ ಎಂಬುದು ಹಣ ತೆತ್ತು ಕಲಿತವನ ಮಾತು. ಎಷ್ಟೋ ಎಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುವ ಬೈಪಾಸ್ ದಾರಿಯೊಂದಿರುತ್ತದೆ, ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಆ ದಾರಿ ಮುಚ್ಚುತ್ತದೆ. ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇದ್ದು, ಘಟ್ಟದಲ್ಲಿ ಒಂದು ಪಾಲು ನೀರು ತಣಿಯದೆ ಹಾಗೆಯೇ ಎಂಜಿನ್ನಿಗೆ ಮರಳುತ್ತದೆ. ನನ್ನ ಜೀಪು ಮೊದಲಿಗಿಂತ ಬೇಗ ಕುದಿದದ್ದು ಇದರಿಂದ. ಇತ್ತ ಸಮತಟ್ಟಿನಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಆಯಿಲಿನಲ್ಲಿ ಗಸಿ ಕಟ್ಟುತ್ತದೆ. ಹೊಸದನ್ನು ಕೂರಿಸುವಾಗ ಅದರಲ್ಲಿ ಅಲುಗಾಡುವ ಚಿಕ್ಕ ಪಿನ್ ಇದ್ದರೆ ಅದು ಮೇಲ್ಬದಿಗೆ ಬರಲಿ, ಗಾಳಿ ಹೊರಹೋಗುವುದು ಅಲ್ಲಿಂದ.

ನೀರು ಕಾಣೆಯಾಗುತ್ತಿದ್ದರೆ

ಎರಡು ದಿನಕ್ಕೊಮ್ಮೆ ನೀರು ಹಾಕಬೇಕಾಗಿ ಬಂದರೆ ಅದು ಎಲ್ಲೋ ಹೋಗುತ್ತಿದೆ. ರಾತ್ರಿ ಗಾಡಿಯಡಿ ಒಂದು ಹಳೆಯ ರಟ್ಟು ಹಾಸಿ, ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ. ವಾಟರ್ ಪಂಪಿನ ಅಡಿಯಲ್ಲಿ ಚಿಕ್ಕದೊಂದು ತೂತಿದೆ. ಅಲ್ಲಿಂದ ತೊಟ್ಟಿಕ್ಕಿದ ಗುರುತಿದ್ದರೆ ಒಳಗಿನ ಸೀಲ್ ಹೋಗಿದೆ. ಆ ತೂತನ್ನು ಎಂಸೀಲಿನಿಂದ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ನೀರು ಬೇರಿಂಗಿಗೆ ನುಗ್ಗಿ, ಒಂದು ದಿನ ಪಂಪ್ ಕಚ್ಚಿಕೊಳ್ಳುತ್ತದೆ. ಮುಂಭಾಗದ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ. ಮುಚ್ಚಳದ ರಬ್ಬರ್ ಸೀಳಿದ್ದರೂ, ರೇಡಿಯೇಟರಿನಿಂದ ಉಕ್ಕಿದ ನೀರು ಸೇರುವ ಬಾಟಲಿಯ ಮೂಲಕ ನೀರು ಹೊರಚೆಲ್ಲುತ್ತದೆ. ಹೊಸ ಮುಚ್ಚಳ ತರುವಾಗ ಹಳೆಯದರ ಮೇಲಿದ್ದ ಅಂಕಿಯನ್ನೇ ನೋಡಿ ತನ್ನಿ, ಹೆಚ್ಚಿನ ಒತ್ತಡದ್ದು ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ತಾಳುವುದಿಲ್ಲ.

ಹೊರಗೆಲ್ಲೂ ಸೋರಿಕೆ ಕಾಣದಿದ್ದಾಗ, ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಹಾಳೆಯಾದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬರುತ್ತದೆ. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯುವುದು, ಮುಚ್ಚಳ ತೆರೆದಿಟ್ಟು ಆಕ್ಸಿಲರೇಟರ್ ಒತ್ತಿದಂತೆಲ್ಲ ರೇಡಿಯೇಟರಿನ ಬಾಯಲ್ಲಿ ನಿಲ್ಲದೆ ಗುಳ್ಳೆ ಏಳುವುದು, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುವುದು ಅದರ ಲಕ್ಷಣಗಳು. ಮಲೆನಾಡಿನವರಿಗೆ ಇಲ್ಲೊಂದು ಎಚ್ಚರಿಕೆ ಹೇಳಬೇಕು. ಜುಲೈ ತಿಂಗಳಲ್ಲಿ ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಬದಿಗೆ ಬೆಣ್ಣೆಯಂಥ ಬಿಳಿ ಪದಾರ್ಥ ಅಂಟುತ್ತದೆ. ಅದು ಹವೆಯ ತೇವ. ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿದ್ದು, ನೀರಿನ ಮಟ್ಟ ಇಳಿಯದಿದ್ದರೆ ಒಮ್ಮೆ ಹುಬ್ಬಳ್ಳಿಯವರೆಗೆ ಓಡಿಸಿ ಬನ್ನಿ, ಹೋಗುತ್ತದೆ. ಇದನ್ನೇ ತೋರಿಸಿ ಹೆಡ್ ಬಿಚ್ಚಿಸಲು ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಗ್ಯಾಸ್ಕೆಟ್ ನಿಜಕ್ಕೂ ಹೋಗಿದ್ದರೆ ಬಿಚ್ಚಿದ ಹೆಡ್ಡನ್ನು ಹಾಗೆಯೇ ಹೊಸ ಗ್ಯಾಸ್ಕೆಟ್ ಇಟ್ಟು ಕೂರಿಸಲು ಬಿಡಬೇಡಿ. ನೇರ ಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಉದ್ದಕ್ಕೂ ಓರೆಯಾಗಿಯೂ ಅಳೆಯಿಸಿ. ಮ್ಯಾನ್ಯುವಲ್‌ನಲ್ಲಿ ಹೇಳಿದ ಮಿತಿಗಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್, ಅಂದರೆ ಅದರ ಮೈಯನ್ನು ಉಜ್ಜಿ ಸಮತಟ್ಟು ಮಾಡುವ ಕೆಲಸ, ಮಾಡಿಸಲೇಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದಲೇ ಬಿಗಿಸಬೇಕು.

ದಾರಿಯಲ್ಲಿ ರೇಡಿಯೇಟರ್ ತೂತಾದರೆ ಅರಿಶಿನ ಪುಡಿ ಹಾಕುವುದು ಚಾಲಕರ ಹಳೆಯ ಉಪಾಯ. ಸಣ್ಣ ಸೋರಿಕೆ ಅದರಿಂದ ನಿಲ್ಲುವುದುಂಟು. ಆದರೆ ಅದೇ ಪುಡಿ ಸಣ್ಣ ನಳಿಗೆಗಳಲ್ಲೂ ಕೂರುತ್ತದೆ. ಮನೆ ಮುಟ್ಟಿದ ಮಾರನೆಯ ದಿನವೇ ಎಲ್ಲವನ್ನೂ ತೊಳೆದು ತೆಗೆಯುವ ಮನಸ್ಸಿದ್ದರೆ ಮಾತ್ರ ಹಾಕಿ.

ಬಾವಿ ನೀರು ಮತ್ತು ಕೂಲಂಟ್

ನಮ್ಮ ಚಿರೆಕಲ್ಲಿನ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿರುವುದು ಹಂಡೆಯ ಕೆಂಪು ಕಲೆಯಿಂದಲೇ ಗೊತ್ತಾಗುತ್ತದೆ. ಅಘನಾಶಿನಿ, ಗಂಗಾವಳಿಯ ಅಳಿವೆಯ ಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಈ ಎರಡೂ ಬಗೆಯ ನೀರು ಎಂಜಿನ್ನಿಗೆ ಹಿತವಲ್ಲ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ನೀರಿಗೆ ಬೆರೆಸುವ ಕೂಲಂಟ್ ದ್ರವ ಬೇಡ ಎನ್ನುವವರು ಅದರ ಉಳಿದೆರಡು ಗುಣಗಳನ್ನು ಮರೆಯುತ್ತಾರೆ: ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಕೂಲಂಟ್ ಮತ್ತು ನೀರು ಸಮಪಾಲು ಬೆರೆಸಿದರೆ ಒತ್ತಡವಿಲ್ಲದೆಯೂ ಅದು 106 ಡಿಗ್ರಿಯವರೆಗೆ ಕುದಿಯುವುದಿಲ್ಲ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ಹಳೆಯದನ್ನು ತೆಗೆಯುವುದು ಎಂಜಿನ್ ಪೂರ್ತಿ ತಣಿದ ಮೇಲೆ. ರೇಡಿಯೇಟರಿನ ಕೆಳಗಿನ ಕಾಕ್ ತೆರೆದು, ಬ್ಲಾಕಿನಲ್ಲಿ ಡ್ರೇನ್ ಪ್ಲಗ್ ಇದ್ದರೆ ಅದನ್ನೂ ಬಿಚ್ಚಿ, ಬಕೆಟ್ಟಿಗೆ ಹಿಡಿಯಿರಿ. ಕೂಲಂಟಿನ ಸಿಹಿಗೆ ನಾಯಿ, ದನ ಬಾಯಿ ಹಾಕುತ್ತವೆ. ಅದು ಪ್ರಾಣ ತೆಗೆಯುವ ವಿಷವಾದ್ದರಿಂದ ಅಂಗಳಕ್ಕೆ ಚೆಲ್ಲಬೇಡಿ. ಒಳ್ಳೆಯ ನೀರು ತುಂಬಿ, ಥರ್ಮೋಸ್ಟಾಟ್ ತೆರೆಯುವವರೆಗೆ ಓಡಿಸಿ, ತಣಿದ ಮೇಲೆ ಮತ್ತೆ ಖಾಲಿ ಮಾಡಿ. ತಿಳಿ ನೀರು ಬರುವವರೆಗೆ ಹೀಗೆಯೇ ಮಾಡಿ. ನನ್ನ ಜೀಪಿಗೆ ಐದು ಸಲ ಬೇಕಾಯಿತು, ಮೊದಲ ಸಲದ್ದು ತೊಗರು ಕದಡಿದಂತಿತ್ತು.

ಕೂಲಂಟ್ ತುಂಬುವಾಗ ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ನಮ್ಮ ಊರುಗಳಲ್ಲಿ ಅದಕ್ಕೆ ಜಾಗ ಹುಡುಕಬೇಕಾಗಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರನ್ನು ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದಿಟ್ಟೇ ಎಂಜಿನ್ ಚಾಲೂ ಮಾಡಿ, ಮೇಲಿನ ಹೋಸನ್ನು ಆಗಾಗ ಹಿಂಡುತ್ತಿರಿ. ಗುಳುಗುಳು ಎಂದು ಗಾಳಿ ಹೊರಬಿದ್ದು ಮಟ್ಟ ಇಳಿದಂತೆಲ್ಲ ತುಂಬುತ್ತ ಹೋಗಿ. ಹೊಸ ಭಾಗಗಳನ್ನೆಲ್ಲ ಹಾಕಿಯೂ ಗಾಡಿ ಕುದಿಯುತ್ತಿದ್ದರೆ ಎಷ್ಟೋ ಸಲ ಒಳಗೆ ಸಿಕ್ಕಿಬಿದ್ದ ಈ ಗಾಳಿಯೇ ಕಾರಣವಾಗಿರುತ್ತದೆ.

ಪರೀಕ್ಷೆಗೆ ಪೇಟೆಯೊಳಗಿನ ಒಂದು ಸುತ್ತು ಸಾಲದು. ಬಾಟಲಿಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಪೆನ್ನಿನಿಂದ ಗೆರೆ ಎಳೆದು, ನಾಲ್ಕು ಜನರನ್ನೋ ನಾಲ್ಕು ಚೀಲವನ್ನೋ ಹೇರಿಕೊಂಡು ಕತಗಾಲಕ್ಕಿಳಿದು, ಮಧ್ಯಾಹ್ನದ ಬಿಸಿಲಿನಲ್ಲೇ ಘಟ್ಟ ಹತ್ತಿ. ದೇವಿಮನೆಯ ದೇವಸ್ಥಾನದೆದುರು ನಿಲ್ಲಿಸಿ ಹೋಸುಗಳ ಕ್ಲಿಪ್ಪುಗಳ ಬುಡವನ್ನೆಲ್ಲ ಒಮ್ಮೆ ನೋಡಿ. ಮಾರನೆಯ ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು, ನೀರು ಆ ಗೆರೆಗೆ ಮರಳಿ ಬಂದಿದೆಯೇ ನೋಡಿ.